ಜೀನು, ಹೊಗೆ, ಔಷಧಿ, ಮಿದುಳು: ದಾವಣಗೆರೆಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜೀನುಗಳ, ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿದು ಬರುವ ವಂಶವಾಹಿಗಳ ಮೇಲೆ ಕೆಲಸ ಮಾಡುವವಳು. ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಈಗ ಲ್ಯಾಬ್ ಇರುವುದು ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಊರಿಗೆ ಬರುತ್ತೇನೆ. ಬಂದಾಗೆಲ್ಲ ಪಿಯು ಕಾಲೇಜಿನಲ್ಲೋ, ಮದುವೆ ಮನೆಯ ಪಂಕ್ತಿಯಲ್ಲೋ, ಬೆಣ್ಣೆ ದೋಸೆ ಹೋಟೆಲಿನ ಬೆಂಚಿನ ಮೇಲೋ ಯಾರಾದರೂ ಏನಾದರೂ ಕೇಳುತ್ತಾರೆ. ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ನಿಂತಲ್ಲೇ ಎರಡು ಮಾತಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಇಲ್ಲಿ ಕೂತು ಬರೆದಿದ್ದೇನೆ.

ನೀವು ಡಾಕ್ಟರಾ ಮೇಡಂ?

ಮದ್ದು ಕೊಡುವ ಡಾಕ್ಟರಲ್ಲ. ಪಿಎಚ್‌ಡಿ ಮಾಡಿದವಳು. ರೋಗಿಗಳನ್ನು ನೋಡುವವರು ನರರೋಗ ತಜ್ಞರು. ಅವರು ನೋಡುವ ಕಾಯಿಲೆ ಯಾಕೆ ಬಂತು, ಒಂದೇ ಗಾಳಿ ಕುಡಿದು ಒಂದೇ ಹೊಲದಲ್ಲಿ ದುಡಿದ ಇಬ್ಬರಲ್ಲಿ ಒಬ್ಬರಿಗೇ ಯಾಕೆ ಬಂತು ಅಂತ ಹುಡುಕುವುದು ನನ್ನ ಕೆಲಸ.

ಹಾಗಾದ್ರೆ ದಿನಾ ಲ್ಯಾಬಲ್ಲಿ ಏನ್ ಮಾಡ್ತೀರಿ?

ನೊಣ ಸಾಕುತ್ತೇನೆ. ಬಾಳೆಹಣ್ಣು ಜಾಸ್ತಿ ಕಳಿತರೆ ಸುತ್ತ ಹಾರಾಡುತ್ತವಲ್ಲ, ಆ ಸಣ್ಣ ಹಣ್ಣುನೊಣಗಳು. ಮನುಷ್ಯರ ಕಾಯಿಲೆಗಳಿಗೆ ಸಂಬಂಧಪಟ್ಟ ಜೀನುಗಳಲ್ಲಿ ಸುಮಾರು ಶೇ. 75ಕ್ಕೆ ಈ ನೊಣದಲ್ಲಿ ಹೋಲುವ ಜೀನು ಇದೆ. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಇವುಗಳ ತಳಿಗಳನ್ನು ಕಾಪಾಡಿಕೊಂಡು ಬಂದ ಕೇಂದ್ರವೇ ಇದೆ. ಇವಕ್ಕೆ ಊಟ ಅಂದರೆ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿ. ಕುದಿಯುವಾಗ ಲ್ಯಾಬಿನ ತುಂಬ ಸಜ್ಜಿಗೆ ಮಾಡಿದ ಹಾಗೆ ಘಮ್ಮೆನ್ನುತ್ತದೆ.

ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಗಾಜಿನ ಕೊಳವೆಯಲ್ಲಿ ಹತ್ತು ನೊಣ ಬಿಟ್ಟು ಮೇಜಿನ ಮೇಲೆ ಮೆತ್ತಗೆ ಎರಡು ಸಲ ತಟ್ಟುತ್ತೇವೆ. ಎಲ್ಲ ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿರುವ ನೊಣ ಬಿದ್ದ ಕೂಡಲೇ ಗೋಡೆ ಹಿಡಿದು ಮೇಲಕ್ಕೆ ಓಡುತ್ತದೆ, ಅದು ಅದರ ಹುಟ್ಟುಗುಣ. ಕೆಲವು ದಿನ ಕಳೆನಾಶಕ ಬೆರೆಸಿದ ಗಂಜಿ ತಿಂದ ನೊಣ ಹಾಗಲ್ಲ. ಎರಡು ಹೆಜ್ಜೆ ಹತ್ತುತ್ತದೆ, ನಿಲ್ಲುತ್ತದೆ, ಕಾಲು ನಡುಗುತ್ತದೆ, ಜಾರಿ ಮತ್ತೆ ತಳಕ್ಕೆ ಬೀಳುತ್ತದೆ. ಇನ್ನು ಪಾರ್ಕಿನ್ ಅನ್ನುವ ಜೀನು ಕೆಟ್ಟಿರುವ ನೊಣಕ್ಕೆ ವಿಷ ಹಾಕದೇ ಇದ್ದರೂ ಹತ್ತುವುದು ಕಷ್ಟ. ಈ ಜೀನನ್ನು ಮೊದಲು ಗುರುತಿಸಿದ್ದು 1998ರಲ್ಲಿ, ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ಸ್ ಅನ್ನುವ ನಡುಕದ ಕಾಯಿಲೆ ಬಂದ ಜಪಾನಿನ ಕುಟುಂಬಗಳಲ್ಲಿ. ನಾನು ಕೇಳುವ ಪ್ರಶ್ನೆ ಇಷ್ಟೇ: ಜೀನೂ ಸ್ವಲ್ಪ ಕುಂದಿದ್ದು ವಿಷವೂ ಸ್ವಲ್ಪವೇ ಬಿದ್ದರೆ ಏನಾಗುತ್ತದೆ? ಎಷ್ಟು ನೊಣ ಹತ್ತಿದವು, ಎಷ್ಟು ಸೆಕೆಂಡಿಗೆ ಹತ್ತಿದವು ಅಂತ ಎಣಿಸುತ್ತಾ ಕೂರುತ್ತೇನೆ. ವರ್ಷಗಟ್ಟಲೆ.

ಒಂದೇ ಮಾತಲ್ಲಿ ಹೇಳಿ, ಮಿದುಳಿನ ಕಾಯಿಲೆ ಜೀನಿಂದ ಬರುತ್ತಾ, ಪರಿಸರದಿಂದ ಬರುತ್ತಾ?

ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ, ಯಾಕೆಂದರೆ ಪ್ರಶ್ನೆಯೇ ಸರಿಯಿಲ್ಲ. ರಾಗಿ ಮುದ್ದೆಯಲ್ಲಿ ಹಿಟ್ಟಿನ ಪಾಲೆಷ್ಟು, ನೀರಿನ ಪಾಲೆಷ್ಟು ಅಂತ ಮುದ್ದೆ ಆದ ಮೇಲೆ ಬೇರೆ ಮಾಡಿ ತೋರಿಸಲು ಆಗುತ್ತಾ?

ಎರಡು ಉದಾಹರಣೆ ಕೊಡುತ್ತೇನೆ. ಫಿನೈಲ್‌ಕೀಟೋನೂರಿಯಾ ಅಂತ ಒಂದು ಕಾಯಿಲೆ ಇದೆ. ನಾರ್ವೆಯಲ್ಲಿ 1934ರಲ್ಲಿ ಗುರುತಿಸಿದ್ದು. ಒಂದೇ ಒಂದು ಜೀನು ಕೆಟ್ಟಿರುತ್ತದೆ. ಆ ಮಗುವಿಗೆ ಎಲ್ಲರ ಹಾಗೆ ಹಾಲು, ಬೇಳೆ ಕೊಟ್ಟರೆ ಅದರಲ್ಲಿರುವ ಫಿನೈಲ್‌ಅಲನಿನ್ ಅನ್ನುವ ಪ್ರೊಟೀನಿನ ಅಂಶ ಕರಗದೆ ಮೈಯಲ್ಲಿ ಸೇರುತ್ತಾ ಹೋಗಿ ಮಿದುಳಿಗೆ ಪೆಟ್ಟಾಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಕಂಡುಹಿಡಿದು ಊಟ ಬದಲಿಸಿದರೆ, ಅದೇ ಮಗು ಶಾಲೆಗೆ ಹೋಗಿ ಎಲ್ಲರಂತೆ ಓದುತ್ತದೆ. ಜೀನು ಹಾಗೇ ಇದೆ. ತಟ್ಟೆ ಮಾತ್ರ ಬದಲಾಯಿತು.

ಇನ್ನೊಂದು ಮ್ಯಾಂಗನೀಸ್. ನಮ್ಮ ಚಿತ್ರದುರ್ಗದ ಬೆಟ್ಟಗಳಲ್ಲೂ ಈ ಅದಿರಿದೆ. ಇದರ ದೂಳು ಕುಡಿದ ಕಾರ್ಮಿಕರ ನಡಿಗೆ ಕೆಡುತ್ತದೆ, ಮುಖ ಮರದ ಹಾಗೆ ಆಗುತ್ತದೆ ಅಂತ ಸ್ಕಾಟ್ಲೆಂಡಿನ ಒಬ್ಬ ವೈದ್ಯರು 1837ರಲ್ಲೇ ಬರೆದಿದ್ದಾರೆ. 2012ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮೈಯಿಂದ ಮ್ಯಾಂಗನೀಸನ್ನು ಹೊರಗೆ ಹಾಕುವ ಒಂದು ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ಎರಡೂ ಪ್ರತಿಗಳಲ್ಲಿ ಕೆಟ್ಟಿದ್ದರೆ, ಗಣಿಯ ಮುಖವನ್ನೇ ನೋಡದ ಮಗುವಿಗೂ ಅದೇ ತರಹದ ಕಾಯಿಲೆ ಬರುತ್ತದೆ. ಊಟದಲ್ಲಿ ಬರುವ ಮ್ಯಾಂಗನೀಸೇ ಸಾಕು. ಒಂದೇ ಕಡೆಗೆ ಹೋಗುವ ಎರಡು ದಾರಿ.

ಊರಿಗೆ ಊರೇ ಕಾಯಿಲೆ ಬಿದ್ದರೆ ಅದು ವಿಷದ್ದೇ ಅಲ್ವಾ?

ಅನುಮಾನ ಪಡುವುದು ಸರಿ. ತೀರ್ಮಾನಕ್ಕೆ ಬರುವುದು ಬೇಡ. ನಮಗೆ ಹತ್ತಿರದ್ದೇ ಪಾಠ ಇದೆ, ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿ ಬಡ ಕೂಲಿಕಾರರಿಗೆ ಸೊಂಟ, ಮಂಡಿ ಹಿಡಿದುಕೊಂಡು ನಡೆಯಲು ಆಗದ ಹಾಗಾಯಿತು. ಗದ್ದೆಗೆ ಕೀಟನಾಶಕ ಹೊಡೆದಿದ್ದಾರೆ, ಆ ಗದ್ದೆಯ ಏಡಿ ತಿಂದಿದ್ದಾರೆ, ಅದಕ್ಕೇ ಹೀಗಾಯಿತು ಅನ್ನುವ ಮಾತು ಎಲ್ಲ ಕಡೆ ಹಬ್ಬಿತು. ಆಮೇಲೆ ಮನೆ ಮನೆಯ ವಂಶವೃಕ್ಷ ಬರೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಮೂಳೆ-ಕೀಲಿನ ಕಾಯಿಲೆ ಅಂತ ತಿಳಿಯಿತು. ಅದು ಮಿದುಳಿನ ಕಾಯಿಲೆಯಲ್ಲ, ಆದರೂ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುವುದು ಇದೇ ಕಥೆ. ಇದರ ತಿರುವುಮುರುವೂ ಆಗಿದೆ: ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಕಾಯಿಲೆ ಬೆಳಕಿಗೆ ಬಂದಾಗ ಮೊದಲು ಅಂಟುರೋಗ ಇರಬೇಕು ಅಂದುಕೊಂಡರು, ಕೊನೆಗೆ ಅದು ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ, ಮೀನಿನ ಮೂಲಕ ಊಟದ ತಟ್ಟೆಗೆ ಬಂದದ್ದು.

ಹೊಲಕ್ಕೆ ಔಷಧಿ ಹೊಡೆಯೋರಿಗೆ ಕೈ ನಡುಕ ಬರುತ್ತೆ ಅಂತಾರೆ, ನಿಜಾನಾ?

ಇದಕ್ಕೆ ಉದ್ದ ಉತ್ತರ ಬೇಕು. ನಾನು ಈ ದಾರಿಗೆ ಬಂದದ್ದೇ ಇದರಿಂದ.

ನಮ್ಮ ದೊಡ್ಡಪ್ಪನವರದು ಹರಿಹರ ತಾಲ್ಲೂಕಿನಲ್ಲಿ ಭದ್ರಾ ನಾಲೆ ನೀರಿನ ಭತ್ತದ ಗದ್ದೆ. ಬೆನ್ನಿಗೆ ಹಾಕುವ ಪಂಪು ಹಳೆಯದು, ಮುಚ್ಚಳದ ಹತ್ತಿರ ಸೋರುತ್ತಿತ್ತು. ಅಂಗಿಯ ಬೆನ್ನು ಯಾವಾಗಲೂ ಒದ್ದೆ. ಔಷಧಿಯನ್ನು ಬಕೆಟ್ಟಿನಲ್ಲಿ ಬರಿಗೈಯಲ್ಲೇ ಕದಡುತ್ತಿದ್ದರು. 58ನೇ ವಯಸ್ಸಿಗೆ ಬಲಗೈ ಹೆಬ್ಬೆರಳು ತೋರುಬೆರಳನ್ನು ತಿಕ್ಕಲು ಶುರುವಾಯಿತು, ಎಲೆ ಅಡಿಕೆಗೆ ತಂಬಾಕು ತಿಕ್ಕುತ್ತಾರಲ್ಲ ಹಾಗೆ. ಒಂದು ಆಸ್ಪತ್ರೆಯಲ್ಲಿ ವಯಸ್ಸಾಯ್ತು ಅಂತ ಹೇಳಿ ಎರಡು ವರ್ಷ ಬರೀ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಬೇರೆ ಕಡೆ ತೋರಿಸಿದಾಗ ಪಾರ್ಕಿನ್ಸನ್ಸ್ ಅಂತ ಗೊತ್ತಾಯಿತು. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ವಿಜ್ಞಾನಕ್ಕೆ ಬರೋಣ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಳ್ಳತನದಲ್ಲಿ ತಯಾರಿಸಿದ ಮಾದಕ ಪದಾರ್ಥ ಚುಚ್ಚಿಕೊಂಡರು. ಕೆಲವೇ ದಿನಗಳಲ್ಲಿ ಕಲ್ಲಿನ ಹಾಗೆ ಸೆಟೆದುಹೋದರು. ಮುದುಕರಿಗೆ ಬರುವ ಪಾರ್ಕಿನ್ಸನ್ಸ್ ಇವರಿಗೆ ಹರೆಯದಲ್ಲೇ, ಅದೂ ಇದ್ದಕ್ಕಿದ್ದಂತೆ! ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತವರ ತಂಡ ಹುಡುಕಿದಾಗ ಅದರಲ್ಲಿ ಎಂಪಿಟಿಪಿ ಅನ್ನುವ ಕಲಬೆರಕೆ ಸಿಕ್ಕಿತು. ಇದು ಮಿದುಳಿಗೆ ಹೋಗಿ ಇನ್ನೊಂದು ರೂಪ ತಾಳಿ, ಮೈಯ ಚಲನೆಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ನರಕೋಶದೊಳಗೆ ಹೊಕ್ಕು, ಅಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾವನ್ನು ನಿಲ್ಲಿಸಿಬಿಡುತ್ತದೆ. ಒಲೆ ಆರಿದ ಮನೆ ಆಗುತ್ತದೆ ಆ ಕೋಶ. ಹೊರಗಿನ ಒಂದು ರಾಸಾಯನಿಕ ಈ ಕಾಯಿಲೆಯನ್ನೇ ತರಬಲ್ಲದು ಅಂತ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ.

ಎಂಪಿಟಿಪಿ ತಾಳುವ ಆ ರೂಪಕ್ಕೂ ನಮ್ಮ ಕಡೆ ಕಳೆಗೆ ಹೊಡೆಯುವ ಪ್ಯಾರಾಕ್ವಾಟ್‌ಗೂ ರಚನೆಯಲ್ಲಿ ತುಂಬಾ ಹೋಲಿಕೆ ಇದೆ. ರೋಟಿನೋನ್ ಅನ್ನುವ ಕೀಟನಾಶಕ ಕೊಟ್ಟ ಇಲಿಗಳಲ್ಲಿ ಪಾರ್ಕಿನ್ಸನ್ಸ್ ತರಹದ ಲಕ್ಷಣ ಕಂಡದ್ದು 2000ದಲ್ಲಿ ವರದಿಯಾಯಿತು. ಕ್ಯಾಲಿಫೋರ್ನಿಯಾದ ಹೊಲಗಳ ಸುತ್ತಮುತ್ತ ವಾಸಿಸುವವರನ್ನು ಅಧ್ಯಯನ ಮಾಡಿದವರಿಗೂ ಕೆಲವು ಕೀಟನಾಶಕಗಳ ಜೊತೆ ಈ ಕಾಯಿಲೆಯ ಸಂಬಂಧ ಕಂಡಿದೆ.

ಹಾಗಾದರೆ ಹೊಡೆದವರಿಗೆಲ್ಲ ಯಾಕೆ ಬರಲ್ಲ? ಇಲ್ಲಿ ಜೀನು ಬರುತ್ತದೆ. ಪಾನ್-1 ಅಂತ ಒಂದು ಜೀನು ಇದೆ. ಅದು ಹೇಳಿದಂತೆ ನಮ್ಮ ಲಿವರ್ ಒಂದು ಕಿಣ್ವ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಕೆಲವು ಔಷಧಿಗಳು ಮೈಯಲ್ಲಿ ತಾಳುವ ವಿಷದ ರೂಪವನ್ನು ಈ ಕಿಣ್ವ ಒಡೆದು ಹಾಕುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಇದರ ಪ್ರಮಾಣದಲ್ಲಿ ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಇರಬಹುದು. ಹುಟ್ಟಿದ ಮಗುವಿನಲ್ಲಂತೂ ಇದು ತೀರಾ ಕಡಿಮೆ. ಹೊಲದಿಂದ ಬಂದ ಕೂಡಲೇ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ ಅಂತ ನಾನು ಕಂಡಕಂಡವರಿಗೆಲ್ಲ ಹೇಳುವುದು ಇದಕ್ಕೇ. ಕ್ಲೋರ್‌ಪೈರಿಫಾಸನ್ನು 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬಹಳ ಕಾಲ ಕರಗದೆ ಉಳಿಯುವ ವಿಷಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡದ್ದು) ಪಟ್ಟಿಗೂ ಸೇರಿಸಿದ್ದಾರೆ, ಕೆಲವು ವಿನಾಯಿತಿ ಇಟ್ಟು.

ದೊಡ್ಡಪ್ಪನಿಗೆ ಬಂದದ್ದು ಔಷಧಿಯಿಂದಲೇನಾ? ಹೇಳಲು ಬರುವುದಿಲ್ಲ. ಸಾವಿರ ಜನರನ್ನು ನೋಡಿ ಅಪಾಯ ಇಷ್ಟು ಜಾಸ್ತಿ ಅನ್ನಬಹುದು. ಒಬ್ಬ ಮನುಷ್ಯನನ್ನು ತೋರಿಸಿ ಇವರಿಗೆ ಇದರಿಂದಲೇ ಬಂತು ಅನ್ನಲು ಈಗ ಯಾವ ಪರೀಕ್ಷೆಯೂ ಇಲ್ಲ. ಇದನ್ನು ದೊಡ್ಡಮ್ಮನಿಗೆ ಹೇಳುವುದು ನನಗೆ ಪಿಎಚ್‌ಡಿಗಿಂತ ಕಷ್ಟವಾಯಿತು.

ಮಂಡಕ್ಕಿ ಭಟ್ಟಿ ಹೊಗೆ ಮಿದುಳಿಗೆ ಹೋಗುತ್ತಾ?

ಹೊಗೆ, ದೂಳಿನಲ್ಲಿರುವ ಅತಿ ಸಣ್ಣ ಕಣಗಳು ಹೋಗಬಲ್ಲವು. ಪಿಎಂ 2.5 ಅನ್ನುತ್ತಾರಲ್ಲ, ಅದು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಅದಕ್ಕಿಂತ ಸಣ್ಣವು ಶ್ವಾಸಕೋಶದಿಂದ ರಕ್ತಕ್ಕೆ ಇಳಿಯುತ್ತವೆ. ಮೂಗಿನ ವಾಸನೆಯ ನರದ ದಾರಿಯಲ್ಲಿ ನೇರವಾಗಿಯೂ ಹೋಗಬಹುದು.

ನಮ್ಮೂರಿನಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು, ನಿಮಗೂ ಗೊತ್ತು. ಆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮತ್ತು ಮೆಕ್ಸಿಕೋ ನಗರದಲ್ಲಿ ತೀರಿಹೋದ 37 ಜನರ ಮಿದುಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅದರೊಳಗೆ ಕಬ್ಬಿಣದ ಆಕ್ಸೈಡಿನ ಸಣ್ಣ ಗುಂಡುಗಳು ಸಿಕ್ಕವು. ಅದು ಪ್ರಕಟವಾದದ್ದು 2016ರಲ್ಲಿ. ಮೈಯಲ್ಲೇ ತಯಾರಾಗುವ ಹರಳಿನ ಆಕಾರವಲ್ಲ ಅದು, ಬೆಂಕಿಯಲ್ಲಿ ಕರಗಿ ತಣ್ಣಗಾದ ಗುಂಡಗಿನ ಆಕಾರ. ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಓಣಿಯ ಮಕ್ಕಳು ಕಣ್ಣ ಮುಂದೆ ಬಂದರು.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಗಾಳಿಯ ಮಟ್ಟ ಮುಟ್ಟದ ನಗರಗಳು ಅಂತ ಕರ್ನಾಟಕದಿಂದ ಅದರಲ್ಲಿ ಇರುವುದು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಮ್ಮ ದಾವಣಗೆರೆ. ಪಿಎಂ 2.5ಕ್ಕೆ ನಮ್ಮ ದೇಶ ಇಟ್ಟ ವರ್ಷದ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5.

ಭಟ್ಟಿಯವರನ್ನು ಬೈಯಬೇಡಿ. ನಸುಕಿಗೇ ಎದ್ದು, ಕಾದ ಮರಳಿನ ಬಾಣಲೆ ಮುಂದೆ ನಿಂತು ಅಕ್ಕಿ ಹುರಿಯುವವರ ಮೂಗಿಗೇ ಎಲ್ಲರಿಗಿಂತ ಜಾಸ್ತಿ ಹೊಗೆ ಹೋಗುವುದು. ಹಳೇ ಟೈರಿನಂಥದ್ದನ್ನು ಉರಿಸಿದರೆ ಮಾತ್ರ ತುಂಬಾ ಕೆಟ್ಟದ್ದು, ಅದರ ಕಪ್ಪು ಹೊಗೆಯಲ್ಲಿ ಪಿಎಎಚ್ ಅನ್ನುವ ರಾಸಾಯನಿಕಗಳಿರುತ್ತವೆ. ನ್ಯೂಯಾರ್ಕಿನಲ್ಲಿ ಗರ್ಭಿಣಿಯರ ಬೆನ್ನಿಗೆ ಗಾಳಿ ಅಳೆಯುವ ಚೀಲ ಕೊಟ್ಟು, ಆಮೇಲೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ನೋಡಿದರು. ಜಾಸ್ತಿ ಪಿಎಎಚ್ ಕುಡಿದ ತಾಯಂದಿರ ಮಕ್ಕಳ ಐಕ್ಯೂ 5 ವರ್ಷಕ್ಕೆ ಕೆಲವು ಅಂಕ ಕಡಿಮೆ ಇತ್ತು. ಒಳ್ಳೆಯ ಒಲೆ, ಒಳ್ಳೆಯ ಉರುವಲು, ಎತ್ತರದ ಚಿಮಣಿ ಕೊಡಿಸುವುದು ಆಡಳಿತದ ಕೆಲಸ. ಅದನ್ನು ನಾವೆಲ್ಲ ಸೇರಿ ಕೇಳಬೇಕು.

ಚಳ್ಳಕೆರೆ, ಜಗಳೂರು ಕಡೆ ಬೋರ್ ನೀರು ಕುಡಿದರೆ ಮಕ್ಕಳಿಗೆ ಓದು ಹತ್ತಲ್ವಾ?

ಈ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಪಟ್ಟೆ ಬರುವುದು, ಬೆನ್ನು ಸೆಟೆಯುವುದು ನಿಮಗೇ ಕಾಣುತ್ತದೆ. ಮಿದುಳಿನ ವಿಷಯಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿ, ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್‌ಗೂ ಮಕ್ಕಳ ಐಕ್ಯೂ ಕಡಿಮೆಯಾಗುವುದಕ್ಕೂ ಸಂಬಂಧ ಇದೆ, ಆ ಬಗ್ಗೆ ಮಧ್ಯಮ ಮಟ್ಟದ ವಿಶ್ವಾಸ ಇದೆ ಅಂತ ಹೇಳಿತು. ನಮ್ಮಲ್ಲಿ ಬೇರೆ ನೀರೇ ಇಲ್ಲದಿದ್ದಾಗ ಒಪ್ಪುವ ಕೊನೆಯ ಮಿತಿಯೂ ಅದೇ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯ್ತಿಯವರ ಹಿಂದೆ ಬೀಳಿ, ಬಿಡಬೇಡಿ.

ಸೀಸದ ಬಗ್ಗೆ ಈಗಲೂ ಹೆದರಬೇಕಾ?

ಬೇಕು. ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಆದರೆ ಹಳೇ ಬಣ್ಣ, ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗ, ಕಲಬೆರಕೆ ಅರಿಶಿನ ಇವೆಲ್ಲ ಇವೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ನಾಲ್ಕೈದು ಪಟ್ಟು ಜಾಸ್ತಿ ಸೀಸ ಹೀರಿಕೊಳ್ಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಅರಿಶಿನದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿ.

ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದ್ದಕ್ಕೇ ಮಗು ಹೀಗಾಯ್ತಾ?

ಆಗಿರಬಹುದು, ಆಗಿರದೇ ಇರಬಹುದು. ಲೆಕ್ಕ ಹೀಗಿದೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ, ಹುಟ್ಟುವ ಮಗುವಿನ ಜೀನುಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಭಾಗ ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಪ್ರತಿ ಬಂದಿರುತ್ತದೆ. ಅತ್ತೆ ಮಗ, ಮಾವನ ಮಗಳಾದರೆ ಹದಿನಾರರಲ್ಲಿ ಒಂದು ಭಾಗ. ಮನೆತನದಲ್ಲಿ ಮುಚ್ಚಿಟ್ಟಂತೆ ಇರುವ ಒಂದು ಕೆಟ್ಟ ಪ್ರತಿ ಎರಡು ಆಗುವುದು ಹೀಗೆ. ಸಂಬಂಧದಲ್ಲಿ ಮದುವೆಯಾದ ಹೆಚ್ಚಿನವರಿಗೆ ಆರೋಗ್ಯವಾದ ಮಕ್ಕಳೇ ಹುಟ್ಟುತ್ತಾರೆ. ಆದರೆ ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಫಿಟ್ಸ್, ಬುದ್ಧಿ ಬೆಳವಣಿಗೆಯ ತೊಂದರೆ ಇದ್ದರೆ ಮುಂದಿನ ಮದುವೆ ಮಾತಿಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ (ಮನೆತನದ ಕಾಯಿಲೆ ಮುಂದಿನವರಿಗೂ ಬರಬಹುದಾ ಅಂತ ತಜ್ಞರು ಕೊಡುವ ಸಲಹೆ) ಮಾಡಿಸಿ.

ಮಗುವಿಗೆ ಆಟಿಸಂ ಇದೆ. ಅತ್ತೆ ಮನೆಯವರು ನಿನ್ನ ಕಡೆಯಿಂದ ಬಂತು ಅಂತಾರೆ. ಏನ್ ಹೇಳ್ಲಿ?

ಅಕ್ಕ, ಈ ಪ್ರಶ್ನೆಗೆ ನನಗೆ ಪ್ರತಿ ಸಲ ಕೋಪ ಬರುತ್ತದೆ, ನಿಮ್ಮ ಮೇಲಲ್ಲ. ಆಟಿಸಂ ಹಿಂದೆ ನೂರಾರು ಜೀನುಗಳಿವೆ. ಎರಡೂ ಕಡೆಯಿಂದ ಬರುತ್ತವೆ. ಕೆಲವು ಬದಲಾವಣೆ ಎರಡೂ ಕಡೆ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಆಗುತ್ತವೆ. ನಾವೆಲ್ಲರೂ ಅಂಥ ಹತ್ತಾರು ಹೊಸ ಬದಲಾವಣೆ ಹೊತ್ತೇ ಹುಟ್ಟಿದವರು. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಎಣಿಸಿ ನೋಡಿದಾಗ, ಅಪ್ಪನ ವಯಸ್ಸು ಒಂದು ವರ್ಷ ಜಾಸ್ತಿಯಾದಂತೆ ಸುಮಾರು 2 ಹೊಸ ಬದಲಾವಣೆ ಹೆಚ್ಚುತ್ತವೆ ಅಂತ ಕಂಡಿತು. ಅವುಗಳಲ್ಲಿ ಹೆಚ್ಚಿನವು ಏನೂ ಮಾಡದೆ ಸುಮ್ನೆ ಇರುತ್ತವೆ. ಹಾಗಂತ ಈಗ ಗಂಡನನ್ನು ಬೈಯಬೇಕು ಅಂತಲ್ಲ. ಯಾರ ತಪ್ಪೂ ಅಲ್ಲ. ಬೇಕಾದರೆ ಈ ಉತ್ತರವನ್ನು ಹಾಗೇ ಅವರಿಗೆ ಓದಿ ಹೇಳಿ.

ಲಸಿಕೆಯಿಂದಲೂ ಬರುವುದಿಲ್ಲ. ಬರುತ್ತದೆ ಅಂತ 1998ರಲ್ಲಿ ಪ್ರಕಟವಾದ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ವಾಪಸ್ ಪಡೆಯಿತು.

ಅಜ್ಜಿಗೆ ಮರೆವು. ನಮಗೂ ಬರುತ್ತಾ? ಡಿಎನ್‌ಎ ಟೆಸ್ಟ್ ಮಾಡಿಸ್ಲಾ?

ಸುಮ್ನೆ ದುಡ್ಡು ಹಾಳು ಮಾಡಬೇಡಿ. ಎಪಿಒಇ-4 ಅನ್ನುವ ಜೀನಿನ ರೂಪ ಇದ್ದರೆ ಆಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆಯ ಅಪಾಯ ಜಾಸ್ತಿ, ನಿಜ. ಆದರೆ ಅದಿದ್ದೂ ಮರೆವು ಬಾರದೆ ಹಣ್ಣಾದವರಿದ್ದಾರೆ, ಅದಿಲ್ಲದೆ ಮರೆವು ಬಂದವರಿದ್ದಾರೆ. ಈ ಅಂಕಿಗಳೆಲ್ಲ ಹೆಚ್ಚಾಗಿ ಯುರೋಪಿನ ಮೂಲದವರನ್ನು ನೋಡಿ ಹೇಳಿದ್ದು. ನಮ್ಮವರ ಲೆಕ್ಕ ನಾವೇ ಮಾಡಬೇಕು. ಅದಕ್ಕೇ ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಅದು. 2024ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ ಪ್ರಕಾರ 14 ಕಾರಣಗಳನ್ನು ಸರಿಪಡಿಸಿಕೊಂಡರೆ ಜಗತ್ತಿನ ಮರೆವು ರೋಗದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಕೇಳದಿರುವುದು, ಗಾಳಿಯ ಕೊಳಕು ಇವೆಲ್ಲ ಅದರಲ್ಲಿವೆ. ಅಜ್ಜಿಗೆ ಕಿವಿ ಮಂದವಾಗಿದ್ದರೆ ಮೊದಲು ಶ್ರವಣಯಂತ್ರ ಕೊಡಿಸಿ.

ಟೆಸ್ಟ್ ಬೇಕಾದವರೂ ಇದ್ದಾರೆ: 40ರೊಳಗೆ ನಡುಕ ಬಂದವರು, ಒಂದೇ ಮನೆಯಲ್ಲಿ ಮೂರ್ನಾಲ್ಕು ಜನ, ಕಾರಣ ಗೊತ್ತಾಗದ ಫಿಟ್ಸ್ ಇರುವ ಮಕ್ಕಳು. ಅವರು ನಿಮ್ಹಾನ್ಸ್‌ನಂಥ ಕಡೆ ತೋರಿಸಿ ಅಲ್ಲಿ ಹೇಳಿದ ಟೆಸ್ಟ್ ಮಾತ್ರ ಮಾಡಿಸಲಿ.

ನಾನು ಕನ್ನಡ ಮೀಡಿಯಂ. ನಿಮ್ಮ ಹಾಗೆ ಆಗಬಹುದಾ? ಸಂಬಳ ಎಷ್ಟು?

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ. ಪಿಯುಸಿಯಲ್ಲಿ ಮೊದಲ ಆರು ತಿಂಗಳು ಏನೂ ತಿಳಿಯದೆ ಅತ್ತಿದ್ದೇನೆ. ಆಮೇಲೆ ಸರಿಹೋಯಿತು, ನಿಮಗೂ ಹೋಗುತ್ತದೆ. ದಾರಿ ಹೀಗೆ: ಬಿಎಸ್ಸಿ ಮೂರು ವರ್ಷ, ಎಂಎಸ್ಸಿ ಎರಡು. ನಾನು ಎಂಎಸ್ಸಿ ಮಾಡಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಈಗ ದಾವಣಗೆರೆಗೇ ತನ್ನ ವಿಶ್ವವಿದ್ಯಾಲಯ ಇದೆ. ಆಮೇಲೆ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಬರೆದು ಸಂಶೋಧನೆಗೆ ಕೊಡುವ ಫೆಲೋಶಿಪ್ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000, ಮನೆ ಬಾಡಿಗೆ ಬೇರೆ. 2023ರ ಜನವರಿಯಿಂದ ಈ ದರ. ಪಿಎಚ್‌ಡಿ ಐದಾರು ವರ್ಷ, ಪೋಸ್ಟ್‌ಡಾಕ್ ಅಂದರೆ ಅದಾದ ಮೇಲಿನ ಸಂಶೋಧನಾ ಕೆಲಸ ಮೂರ್ನಾಲ್ಕು ವರ್ಷ. ಕೆಲಸ ಗಟ್ಟಿಯಾಗುವ ಹೊತ್ತಿಗೆ 35 ಆಗಿರುತ್ತದೆ. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700ರಿಂದ ಶುರು. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಹೆಣ್ಣುಮಕ್ಕಳಿಗೆ ಮದುವೆ ಯಾವಾಗ ಅನ್ನುವ ಪ್ರಶ್ನೆ ನಡುವೆ ಬಂದೇ ಬರುತ್ತದೆ, ಗಟ್ಟಿಯಾಗಿ ನಿಲ್ಲಿ. ಅಂಕಿಸಂಖ್ಯೆ ಶಾಸ್ತ್ರವನ್ನೂ ಸ್ವಲ್ಪ ಕೋಡಿಂಗನ್ನೂ ಈಗಿನಿಂದಲೇ ಕಲಿಯಿರಿ. ನಾನು ತಡವಾಗಿ ಕಲಿತು ಕಷ್ಟಪಟ್ಟೆ.

ನಡುಕ, ಮರೆವು, ಫಿಟ್ಸ್‌ಗೆ ಡಾಕ್ಟರ ಹತ್ತಿರ ಹೋಗುವಾಗ ಏನು ತಗೊಂಡು ಹೋಗಬೇಕು?

ಹಳೇ ರಿಪೋರ್ಟ್ ಎಲ್ಲರೂ ಒಯ್ಯುತ್ತಾರೆ. ಜೊತೆಗೆ ಒಂದು ಹಾಳೆಯಲ್ಲಿ ಮನೆತನ ಬರೆದುಕೊಂಡು ಹೋಗಿ: ಮೂರು ತಲೆಮಾರು, ಯಾರಿಗೆ ಯಾವ ವಯಸ್ಸಿಗೆ ಏನಾಗಿತ್ತು, ಯಾರು ಯಾರಿಗೆ ಸಂಬಂಧದಲ್ಲೇ ಕೊಟ್ಟದ್ದು. ಇನ್ನೊಂದು ಹಾಳೆಯಲ್ಲಿ ಕೆಲಸ: ಎಷ್ಟು ವರ್ಷ ಔಷಧಿ ಹೊಡೆದರು, ಭಟ್ಟಿಯಲ್ಲಿದ್ದರಾ, ಗಣಿಯಲ್ಲಿದ್ದರಾ, ಬ್ಯಾಟರಿ ಅಂಗಡಿಯಲ್ಲಾ, ಯಾವ ಬೋರಿನ ನೀರು. ಇದನ್ನು ಕೇಳಲು ಡಾಕ್ಟರಿಗೆ ಟೈಮ್ ಇರುವುದಿಲ್ಲ, ನೀವೇ ಮುಂದೆ ಇಡಿ.

ಔಷಧಿಯ ಹೆಸರು ನೆನಪಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡಪ್ಪನೂ ಹಾಗೇ ಅಂದರು, ಕೆಂಪು ಡಬ್ಬಿ, ನೀಲಿ ಡಬ್ಬಿ ಅಂತ. ಆಮೇಲೆ ದೊಡ್ಡಮ್ಮ ಪಡಸಾಲೆಯ ಮೊಳೆಗೆ ನೇತುಹಾಕಿದ್ದ ತಂತಿ ತಂದು ಕೊಟ್ಟರು. ಗೊಬ್ಬರದ ಅಂಗಡಿಯ ಬಿಲ್ಲುಗಳನ್ನೆಲ್ಲ ಅದಕ್ಕೆ ಚುಚ್ಚಿಟ್ಟಿದ್ದರು, ಹತ್ತೊಂಬತ್ತು ವರ್ಷದ್ದು. ಕೆಳಗಿನವು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವ ಹಾಗಿದ್ದವು. ನಾವಿಬ್ಬರೂ ನೆಲದ ಮೇಲೆ ಕೂತು ಒಂದೊಂದಾಗಿ ಬಿಡಿಸಿ ಹೆಸರು, ತಾರೀಕು, ಲೀಟರ್ ಬರೆದುಕೊಂಡೆವು. ನಿಮ್ಮ ಮನೆಯಲ್ಲೂ ಅಂಥ ತಂತಿ ಇರಬಹುದು. ಎಸೆಯಬೇಡಿ.